ಕಲಿಸಿದ ಮೇಸ್ತ್ರಿಗೆ ಏನು ಸಿಕ್ಕಿತು?

ನಮ್ಮ ಮನೆಯ ಮೇಲಂತಸ್ತು ಕಟ್ಟಿಸುವಾಗ ಮೇಸ್ತ್ರಿಯ ಜೊತೆ ಯಾದಗಿರಿ ಕಡೆಯ ಹುಡುಗನೊಬ್ಬ ಬರುತ್ತಿದ್ದ. ಹತ್ತೊಂಬತ್ತು ಇಪ್ಪತ್ತರ ವಯಸ್ಸು. ಮರಳು ಜರಡಿ ಹಿಡಿಯುವುದು, ಗಾರೆ ಕಲಸುವುದು, ಬಾಂಡ್ಲಿ ಹೊರುವುದು ಅವನ ಕೆಲಸ. ಮಧ್ಯಾಹ್ನ ಉಳಿದವರು ಊಟ ಮುಗಿಸಿ ನೆರಳಿಗೆ ಒರಗಿದರೆ ಈ ಹುಡುಗ ಮೇಸ್ತ್ರಿಯ ಕರಣೆ ತೆಗೆದುಕೊಂಡು ಹಿತ್ತಲ ಗೋಡೆಗೆ ಗಾರೆ ಎರಚುತ್ತಿದ್ದ. ಮೇಸ್ತ್ರಿ ಎದ್ದು ಬಂದು ಮಟ್ಟಗೋಲು ಇಟ್ಟು ನೋಡಿ, ಎಲ್ಲವನ್ನೂ ಕೆರೆದು ಹಾಕಿ, "ಮತ್ತೆ ಹಾಕು" ಅನ್ನುತ್ತಿದ್ದರು. ಎಷ್ಟೋ ದಿನ ಹೀಗೇ ನಡೆಯಿತು.

ಒಂದು ಸಂಜೆ ಕೇಳಿದೆ. ಮೇಸ್ತ್ರಿ ಹೇಳಿದ್ದಿಷ್ಟು: "ಇವ್ನು ಒಂದು ಗೋಡೆ ಕಲಿಯೋಷ್ಟ್ರಲ್ಲಿ ನಂದು ಅರ್ಧ ದಿನದ ಕೆಲ್ಸ ಹೋಗ್ತದೆ ಸಾರ್. ಕಲ್ತ ಮೇಲೆ ಇನ್ನೊಬ್ರ ಹತ್ರ ನೂರು ರೂಪಾಯಿ ಜಾಸ್ತಿ ಸಿಕ್ರೆ ಹೊರಟೋಗ್ತಾನೆ. ಆದ್ರೂ ಕಲಿಸ್ದೆ ಇದ್ರೆ ನಾಳೆ ಗೋಡೆ ಕಟ್ಟೋರು ಯಾರು?"

ಕಟ್ಟಡ ಕೆಲಸದ ತರಬೇತಿಗೆ ಸರ್ಕಾರಗಳು ಏಕೆ ಹಣ ಕೊಡಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಕಲಿಸುವವನಿಗೆ ನಷ್ಟ, ಕಲಿಸದೆ ಕರೆದುಕೊಂಡು ಹೋಗುವವನಿಗೆ ಲಾಭ. ಹೀಗೇ ಬಿಟ್ಟರೆ ಕಲಿಸುವವರೇ ಇಲ್ಲವಾಗುತ್ತಾರೆ.

ಬ್ರಿಟನ್ ಈ ತೊಡಕಿಗೆ 1964ರಲ್ಲಿ ಕೈಗಾರಿಕಾ ತರಬೇತಿ ಕಾಯ್ದೆ ತಂದಿತು. ಅದರಡಿ ನಿರ್ಮಾಣ ಉದ್ಯಮಕ್ಕೇ ಒಂದು ತರಬೇತಿ ಮಂಡಳಿ ಹುಟ್ಟಿತು. ಆ ಕಾಲದ ಹೆಚ್ಚಿನ ಉದ್ಯಮ ಮಂಡಳಿಗಳು ಆಮೇಲೆ ಮುಚ್ಚಿಹೋದವು, ಇದು ಉಳಿಯಿತು. ಗುತ್ತಿಗೆದಾರರು ಕೊಡುವ ಸಂಬಳದ ಮೇಲೆ ಶೇ 0.35ರಷ್ಟು ಸುಂಕವನ್ನು ಮಂಡಳಿ ವಸೂಲಿ ಮಾಡುತ್ತದೆ. ಉಪಗುತ್ತಿಗೆಯ ಒಂದು ಬಗೆಯ ಪಾವತಿಗೆ ಅದು ಶೇ 1.25. ತೀರಾ ಸಣ್ಣ ಗುತ್ತಿಗೆದಾರರು ಸುಂಕ ಕಟ್ಟಬೇಕಿಲ್ಲ, ಆದರೆ ಅನುದಾನ ಅವರಿಗೂ ಉಂಟು. ಅಪ್ರೆಂಟಿಸ್ ಒಬ್ಬರನ್ನು ಇಟ್ಟುಕೊಂಡು ಕಲಿಸಿದರೆ ವರ್ಷಕ್ಕೆ 2,500 ಪೌಂಡ್, ಕಲಿಕೆ ಪೂರ್ತಿಯಾದಾಗ 3,500 ಪೌಂಡ್. ಹಣ ಹೋಗುವುದು ಕಲಿಸಿದವನ ಕೈಗೆ. ಅನುದಾನ ಕೇಳುವವರು ಹೆಚ್ಚಾಗಿ, ಬರುವ ಸುಂಕ ಸಾಲದೆ, ಕೆಲವು ನೆರವುಗಳನ್ನು ಮೊಟಕು ಮಾಡುವ ಮಾತನ್ನು ಆ ಮಂಡಳಿ 2025ರಲ್ಲಿ ಆಡಬೇಕಾಯಿತು. ಅಲ್ಲಿನ ಗುತ್ತಿಗೆದಾರರಿಗೆ ಸಹಜವಾಗಿಯೇ ಅಸಮಾಧಾನವಾಗಿದೆ. ಆದರೂ ಅದು ಖರ್ಚಾಗುತ್ತಿರುವ ಹಣದ ಬಗೆಗಿನ ಜಗಳ.

ನಮ್ಮಲ್ಲಿ ಹಣ ಕೂತಿರುವುದೇ ಕಷ್ಟ. 1996ರ ಎರಡು ಕಾಯ್ದೆಗಳು ಬಂದಾಗಿನಿಂದ ಕಟ್ಟಡ ಕಟ್ಟಿಸುವವರು ವೆಚ್ಚದ ಶೇ 1ರಷ್ಟು ಸೆಸ್ ಕೊಡಬೇಕಾಗಿದೆ. ಆ ಹಣ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಪಿಂಚಣಿ, ಹೆರಿಗೆ ನೆರವು, ಮಕ್ಕಳ ಓದಿಗೆ ಸಹಾಯ, ಅಪಘಾತದ ಪರಿಹಾರ ಎಲ್ಲವೂ ಅಲ್ಲಿಂದಲೇ ಆಗಬೇಕು. ಅವುಗಳಲ್ಲಿ ಒಂದನ್ನೂ ಕಡಿಮೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಸುಪ್ರೀಂ ಕೋರ್ಟ್ ಪೀಠ ತೆರೆದಿಟ್ಟ ಲೆಕ್ಕ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದೇಶದಾದ್ಯಂತ ಸಂಗ್ರಹವಾಗಿದ್ದು 37,400 ಕೋಟಿ ರೂಪಾಯಿಗೂ ಹೆಚ್ಚು. ಕಾರ್ಮಿಕರಿಗಾಗಿ ಬಳಕೆಯಾಗಿದ್ದು ಸುಮಾರು 9,500 ಕೋಟಿ. ಬಿಸಿಲಲ್ಲಿ ಕಲ್ಲು ಹೊತ್ತವರ ಹೆಸರಿನ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಮಲಗಿತ್ತು.

ಕಲಿಸುವವನಿಗೆ ಆ ಹಣದಿಂದ ಏನು ಬಂತು? ನನ್ನ ಮೇಸ್ತ್ರಿಗಂತೂ ಒಂದು ರೂಪಾಯಿ ಬಂದಿಲ್ಲ.

ತರಬೇತಿಯ ಯೋಜನೆಗಳೇನೂ ಕಡಿಮೆ ಇಲ್ಲ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡಿದೆ. 2022ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ 'ನಿಪುಣ್' ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಲುಪುವ ಗುರಿ ಅದರದಾಗಿತ್ತು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನ ಕೈಗೊಂದು ಸರ್ಟಿಫಿಕೇಟ್ ಸಿಗುವುದು ಗೌರವದ ಮಾತೇ. ಆದರೆ ಆ ಸರ್ಟಿಫಿಕೇಟ್ ಬಲ್ಲವನನ್ನು ಗುರುತಿಸುತ್ತದೆ, ಬಾರದವನಿಗೆ ಕಲಿಸುವುದಿಲ್ಲ.

ಮಾಲೀಕರಿಗೆ ನೇರವಾಗಿ ಹಣ ಕೊಡುತ್ತಿದ್ದುದು 2016ರ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆ. ಸ್ಟೈಪೆಂಡ್‌ನ ಶೇ 25ರಷ್ಟನ್ನು, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿಯನ್ನು, ಕೇಂದ್ರ ಸರ್ಕಾರ ಮಾಲೀಕರಿಗೆ ಮರಳಿಸುತ್ತಿತ್ತು. 2023ರಲ್ಲಿ ಅದು ಬದಲಾಯಿತು. ಸರ್ಕಾರದ ಪಾಲು ಈಗ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೇ ಬೀಳುತ್ತದೆ. ಈ ಬದಲಾವಣೆ ನನಗೆ ಒಪ್ಪಿಗೆ. ಹುಡುಗನ ಹಣ ಹುಡುಗನ ಕೈಗೆ ಬರಬೇಕು. ಆದರೆ ಇದರ ಬಾಗಿಲು ನಮ್ಮ ಗಾರೆಯವರಿಗೆ ತೆರೆದೇ ಇಲ್ಲ. ಕರಾರು ಬರೆಯಬೇಕು, ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಸಂಸ್ಥೆ ಅನ್ನಿಸಿಕೊಳ್ಳುವಷ್ಟು ಆಳುಗಳಿರಬೇಕು. ಇಬ್ಬರು ಗಾರೆಯವರು, ಒಬ್ಬ ಹೆಲ್ಪರ್, ಒಂದು ಸ್ಕೂಟರ್ ಇಟ್ಟುಕೊಂಡು ಓಣಿ ಓಣಿಯಲ್ಲಿ ಮನೆ ಕಟ್ಟುವ ಮೇಸ್ತ್ರಿ ಈ ಲೆಕ್ಕದಲ್ಲಿ ಮಾಲೀಕನೂ ಅಲ್ಲ, ಗುರುವೂ ಅಲ್ಲ.

ಕಲಿಕೆ ನಡೆಯುವುದು ಮಾತ್ರ ಅಲ್ಲೇ. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಸರಾಗವಾಗಿ ಇಳಿಯಲೆಂದು ಯಾರೋ ಒಂದು ಬಕೆಟ್ ನೀರು ಹೆಚ್ಚಿಗೆ ಸುರಿಯುತ್ತಾರೆ. ಬಲ ಅಲ್ಲೇ ಕುಂದುತ್ತದೆ. ಕಬ್ಬಿಣದ ಕೆಳಗೆ 20 ಮಿಲಿಮೀಟರ್ ಕವರ್ ಬ್ಲಾಕ್ ಇಡಲು ಮರೆತರೆ ಕೆಲವೇ ಮಳೆಗಾಲಗಳಲ್ಲಿ ತಾರಸಿ ತುಕ್ಕು ಕಾರುತ್ತದೆ. ಕನಿಷ್ಠ ಏಳು ದಿನ ಕ್ಯೂರಿಂಗ್ ಮಾಡಬೇಕಾದಲ್ಲಿ ಮೂರಕ್ಕೇ ನಿಲ್ಲಿಸುತ್ತಾರೆ. ಇದನ್ನೆಲ್ಲ ಪ್ರೊಜೆಕ್ಟರ್ ಮುಂದೆ ಕೂತು ಕಲಿಯಲಾಗದು. ಬೆಳಗ್ಗೆ ಆರಕ್ಕೆ ನಿಂತ ಮಿಕ್ಸರ್ ಮುಂದೆ, ಬಲ್ಲವನೊಬ್ಬ "ಸಾಕು, ನೀರು ನಿಲ್ಲಿಸು" ಎಂದು ಗದರಿದಾಗ ಅದು ತಲೆಗೆ ಹೋಗುತ್ತದೆ.

ಈಗ ಇನ್ನೊಂದು ಬದಲಾವಣೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಸ್ವಂತ ವಾಸಕ್ಕೆ ಕಟ್ಟಿಸುವ ಮನೆಗೆ ಹಿಂದೆ 10 ಲಕ್ಷದವರೆಗೆ ಇದ್ದ ಸೆಸ್ ವಿನಾಯಿತಿ ಸಂಹಿತೆಯಲ್ಲಿ 50 ಲಕ್ಷಕ್ಕೆ ಏರಿದೆ. ಸಾಲ ಮಾಡಿ ಮನೆ ಕಟ್ಟಿಸುವ ಕುಟುಂಬಕ್ಕೆ ಇದು ದೊಡ್ಡ ಸಮಾಧಾನ. 40 ಲಕ್ಷದ ಮನೆಯಲ್ಲಿ 40,000 ರೂಪಾಯಿ ಉಳಿಯಿತು ಎಂದರೆ ಅಡುಗೆಮನೆಯ ಗ್ರಾನೈಟಿಗಾಯಿತು. ಆ ಸಮಾಧಾನವನ್ನು ಕಿತ್ತುಕೊಳ್ಳಬೇಕೆಂದು ನಾನು ಕೇಳಲಾರೆ. ಆದರೆ ತುಮಕೂರು, ಹಾಸನ, ಗದಗಿನಂಥ ಊರುಗಳಲ್ಲಿ ಹುಡುಗರು ಕರಣೆ ಹಿಡಿಯಲು ಕಲಿಯುವುದು ಇಂಥ ಮನೆಗಳಲ್ಲೇ. ಆ ಮನೆಗಳಿಂದ ಇನ್ನು ನಿಧಿಗೆ ಹಣ ಬರುವುದಿಲ್ಲ. ಹಾಗಾಗಿ ಅಪಾರ್ಟ್‌ಮೆಂಟು, ಮೆಟ್ರೊ, ಫ್ಲೈಓವರುಗಳಿಂದ ಬರುವ ಸೆಸ್‌ನಲ್ಲೇ ಒಂದು ಪಾಲನ್ನು ಸಣ್ಣ ಮೇಸ್ತ್ರಿಯ ಕಲಿಸುವ ಕೆಲಸಕ್ಕೆಂದು ತೆಗೆದಿಡಬೇಕು. ದೊಡ್ಡ ಕಂಪನಿಗಳಿಗೆ ಸಿದ್ಧ ಗಾರೆಯವರು ಸಿಗುವುದು ಇಂಥ ಮೇಸ್ತ್ರಿಗಳಿಂದಲೇ ಆದ್ದರಿಂದ, ಇದು ದಾನವೂ ಅಲ್ಲ.

ಸುಳ್ಳು ಹೆಸರುಗಳ ಪಟ್ಟಿ ಕೊಟ್ಟು ಹಣ ನುಂಗುತ್ತಾರೆ ಎನ್ನುವವರ ಆತಂಕ ನನಗೆ ಅರ್ಥವಾಗುತ್ತದೆ. ಕಟ್ಟಡದ ನೆರಳೂ ಕಾಣದವರು ಕಾರ್ಮಿಕರ ಕಾರ್ಡ್ ಮಾಡಿಸಿಕೊಂಡದ್ದನ್ನು ನಾವು ನೋಡಿದ್ದೇವೆ. ಅದಕ್ಕೇ ಹಾಜರಿ ಪುಸ್ತಕ ನೋಡಿ ಹಣ ಕೊಡಬಾರದು. ಕಲಿಯಲು ಸೇರಿದಾಗ ಸ್ವಲ್ಪ, ಉಳಿದದ್ದು ಆ ಹುಡುಗ ಪರೀಕ್ಷಕರ ಎದುರು ಒಂದು ಗೋಡೆ ಕಟ್ಟಿ ತೋರಿಸಿದ ಮೇಲೆ. ತೂಗುಗುಂಡು ಇಳಿಬಿಟ್ಟರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಕಾಗದದಲ್ಲಿ ಮೋಸ ಮಾಡಿದಷ್ಟು ಸುಲಭವಾಗಿ ಗೋಡೆಯಲ್ಲಿ ಮಾಡಲಾಗದು.

ಇದರಲ್ಲಿ ಹೆಂಗಸರಿಗೆ ಮೊದಲ ಪಾಲು ಇರಲೇಬೇಕು. ಗುಳೆ ಬರುವ ಕುಟುಂಬಗಳಲ್ಲಿ ಗಂಡ ಹೆಂಡತಿ ಒಟ್ಟಿಗೇ ಕೆಲಸಕ್ಕೆ ಇಳಿಯುತ್ತಾರೆ. ಹತ್ತು ವರ್ಷದಲ್ಲಿ ಗಂಡ ಮೇಸ್ತ್ರಿಯಾಗುತ್ತಾನೆ, ಹೆಂಡತಿ ಬಾಂಡ್ಲಿ ಹೊರುತ್ತಲೇ ಇರುತ್ತಾಳೆ. ಕೂಲಿಯೂ ಅಲ್ಲೇ ನಿಂತಿರುತ್ತದೆ. ಆಕೆಗೆ ಕೈ ಬರುವುದಿಲ್ಲ ಎಂಬುದು ಸುಳ್ಳು. ಜಾರ್ಖಂಡ್‌ನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟುವಾಗ ಹಳ್ಳಿಯ ಹೆಂಗಸರಿಗೆ ಗಾರೆ ಕೆಲಸ ಕಲಿಸಿದರು. ಅವರನ್ನು ಅಲ್ಲಿ 'ರಾಣಿ ಮಿಸ್ತ್ರಿ' ಎಂದು ಕರೆಯುತ್ತಾರೆ. ಕಟ್ಟುತ್ತಲೇ ಕಲಿತರು, ಕಲಿತದ್ದಕ್ಕೆ ಕೂಲಿಯೂ ಸಿಕ್ಕಿತು.

ನಮ್ಮ ಮನೆಯ ಕೆಲಸ ಮುಗಿಯುವ ವಾರ ಆ ಹುಡುಗನ ಕೈಯಲ್ಲಿ ಮೇಸ್ತ್ರಿ ಸಂಪಿನ ಒಳಗೋಡೆ ಪ್ಲಾಸ್ಟರ್ ಮಾಡಿಸಿದರು. ಎರಡು ಕಡೆ ಮಾತ್ರ ಮತ್ತೆ ಮಾಡಬೇಕಾಯಿತು. ಶನಿವಾರದ ಬಟವಾಡೆಯಲ್ಲಿ ಅವನಿಗೆ ಹೆಲ್ಪರ್ ಕೂಲಿಗಿಂತ ಹೆಚ್ಚು ಎಣಿಸಿ ಕೊಟ್ಟರು. ಅದು ಮೇಸ್ತ್ರಿ ತಮ್ಮ ಜೇಬಿನಿಂದ ಕೊಟ್ಟದ್ದೆಂದು ನನಗೆ ಆಮೇಲೆ ತಿಳಿಯಿತು.