ಜೀರ್ಣೋದ್ಧಾರದ ಹೆಸರಲ್ಲಿ ಅಳಿಯುತ್ತಿರುವ ಅಕ್ಷರ

ನಮ್ಮ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಶಾಪ ಗೊತ್ತು. ಈ ಧರ್ಮವನ್ನು ಅಳಿದವರಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆ ಎಂಬಂಥ ಶಾಪ. ಅದನ್ನು ಕೆತ್ತಿಸಿದವರು ಹೆದರಿದ್ದು ಮುಂದೆ ಬರುವ ಅರಸರಿಗೆ, ದತ್ತಿಯ ಭೂಮಿ ನುಂಗುವವರಿಗೆ. ಭಕ್ತರೇ ಪೇಂಟಿನ ಡಬ್ಬ ಹಿಡಿದು ಬಂದಾರು ಎಂದು ಅವರಿಗೆ ಹೊಳೆದಿರಲಾರದು.

ಹೋದ ವರ್ಷ ಹಾಸನ ಜಿಲ್ಲೆಯ ಒಂದು ಊರಿಗೆ ಹೋಗಿದ್ದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹಾಸನ ಸಂಪುಟದ ಜೆರಾಕ್ಸ್ ಪುಟ ಕೈಯಲ್ಲಿತ್ತು. ಪುಟ ಹೇಳಿದ ಜಾಗದಲ್ಲಿ ಕಲ್ಲೇನೋ ಇತ್ತು. ಆದರೆ ಬೆಳ್ಳಿ ಬಣ್ಣದ ಪೇಂಟು ಅಕ್ಷರಗಳ ಗೆರೆಗಳಲ್ಲೆಲ್ಲ ತುಂಬಿಕೊಂಡಿತ್ತು. ಕೆಳಗಿನ ಸಾಲುಗಳು ಹೊಸ ಟೈಲ್ಸಿನ ಅಡಿ ಸೇರಿದ್ದವು. ಸಮಿತಿಯ ಹಿರಿಯರೊಬ್ಬರನ್ನು ಕೇಳಿದೆ. “ನೋಡಮ್ಮ, ಈಗ ದೂರದೂರದಿಂದ ಜನ ಬರ್ತಾರೆ, ಅವರಿಗೆ ಅನುಕೂಲ ಬೇಡ್ವಾ? ಆ ಅಕ್ಷರ ಓದೋರು ಯಾರಿದ್ದಾರೆ?” ಎಂದರು.

ಅವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ತಾವು ಕೈಯಾರೆ ದುಡಿದು, ಚಂದಾ ಎತ್ತಿ ಮಾಡಿಸಿದ ಕೆಲಸ ಅದು. ಹಾಗಾಗಿಯೇ ಈ ವಿನಾಶವನ್ನು ವಿನಾಶ ಎಂದು ಕರೆಯುವುದು ಕಷ್ಟ. ಆದರೂ ಕರೆಯಲೇಬೇಕು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಸಂಭ್ರಮಿಸಿದೆವು. ಆ ಸಂಭ್ರಮದ ನೆರಳಿನಲ್ಲಿ ಉಳಿದ ಗುಡಿಗಳ ಕಥೆಯೇನು? ಮುಜರಾಯಿ ಇಲಾಖೆಯ ಲೆಕ್ಕದಲ್ಲಿರುವ ದೇವಾಲಯಗಳೇ ಸುಮಾರು 34 ಸಾವಿರ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ರಾಜ್ಯದಲ್ಲಿರುವುದು ಕೋಟೆ, ಮಸೀದಿ, ಬಸದಿಗಳೆಲ್ಲ ಸೇರಿ 500ಕ್ಕೂ ಸ್ವಲ್ಪ ಹೆಚ್ಚು ಸ್ಮಾರಕಗಳು. ರಾಜ್ಯ ಇಲಾಖೆಯ ಪಟ್ಟಿಯನ್ನು ಸೇರಿಸಿದರೂ ಬಹುಪಾಲು ಹಳೆಯ ಗುಡಿಗಳು ಹೊರಗೇ ಉಳಿಯುತ್ತವೆ. ಅಲ್ಲಿ ಸಮಿತಿ ಹೇಳಿದ್ದೇ ಶಾಸ್ತ್ರ, ಗುತ್ತಿಗೆದಾರ ಮಾಡಿದ್ದೇ ಶಿಲ್ಪ. ಹೊಯ್ಸಳರ ಬಳಪದ ಕಲ್ಲು ಮೆದು. ಅದರ ಮೇಲೆ ಆಸಿಡ್ ಸುರಿದರೆ, ರಭಸದಿಂದ ಮರಳು ಚಿಮ್ಮಿಸಿ ತೊಳೆದರೆ ಎಂಟುನೂರು ವರ್ಷ ಬಾಳಿದ ಅಕ್ಷರ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ.

ಅಕ್ಷರ ಹೋದರೆ ಹೋಗುವುದೇನು? ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತೆಂದು ಗೈಡು ಹೇಳುವುದು ಶಾಸನದ ಬಲದಿಂದ. ಎಲ್ಲ ಗುಡಿಗಳನ್ನೂ ಜಕಣಾಚಾರಿಯೊಬ್ಬನ ಲೆಕ್ಕಕ್ಕೆ ಬರೆಯುತ್ತಿದ್ದ ನಮಗೆ ಸೋಮನಾಥಪುರದ ಮಲ್ಲಿತಮ್ಮ, ಬಳ್ಳಿಗಾವೆಯ ದಾಸೋಜ ಸಿಕ್ಕಿದ್ದು ಕಲ್ಲಿನ ಮೇಲೆ ಅವರ ಹೆಸರು ಉಳಿದದ್ದರಿಂದ. ಊರಿನ ಗುಡಿಯ ಶಾಸನದಲ್ಲಿ ಅರಸನಷ್ಟೇ ಇರುವುದಿಲ್ಲ. ನಂದಾದೀಪಕ್ಕೆ ಎಣ್ಣೆ ಕೊಟ್ಟವರು, ಕೆರೆ ಕಟ್ಟಿಸಿದವರು, ಗದ್ದೆ ಬಿಟ್ಟವರು ಇರುತ್ತಾರೆ. ಅವರಿಗೆ ಬೇರೆ ಚರಿತ್ರೆಯಿಲ್ಲ. ದೇವರ ಸೇವೆಗೆ ಕೊಟ್ಟವರ ಹೆಸರನ್ನು ದೇವರ ಸೇವೆಯ ಹೆಸರಲ್ಲೇ ಅಳಿಸಿ, ಪಕ್ಕದ ಗೋಡೆಗೆ ಟೈಲ್ಸ್ ಕೊಡಿಸಿದವರ ಹೆಸರಿನ ಗ್ರಾನೈಟ್ ಫಲಕ ಹಾಕುತ್ತೇವೆ. ಇದಕ್ಕಿಂತ ದೊಡ್ಡ ವ್ಯಂಗ್ಯ ಬೇಕೆ?

“ಗುಡಿ ಮ್ಯೂಸಿಯಂ ಅಲ್ಲ, ಪೂಜೆ ನಡೆಯುವ ಜಾಗ” ಎನ್ನುವವರ ಮಾತನ್ನು ನಾನೂ ಒಪ್ಪುತ್ತೇನೆ. ಜನ ಬರಲಿ, ದೀಪ ಉರಿಯಲಿ. ನೆರಳು ಬೇಕೆ? ಪ್ರಾಕಾರದ ಹೊರಗೆ ಚಪ್ಪರ ಹಾಕಿ. ಕಾಲು ಸುಡುತ್ತದೆಯೇ? ನಾರಿನ ಚಾಪೆ ಹಾಸಿ. ಆದರೆ ಪೂಜೆ ನಡೆಯುವುದಕ್ಕೆ ಶಾಸನದ ಮೇಲೆ ಪೇಂಟು ಬೇಕಿಲ್ಲ. ಎಂಟು ಶತಮಾನ ಅದು ಇಲ್ಲದೆಯೇ ಪೂಜೆ ನಡೆದಿದೆ.

ಕೇಳುವುದು ಇಷ್ಟೇ. ಗುಡಿಯ ಶಾಸನ, ಶಿಲ್ಪಗಳ ದಾಖಲಾತಿ ಮುಗಿದು, ಪುರಾತತ್ವ ಬಲ್ಲವರು ಸ್ಥಳ ನೋಡಿ ಒಪ್ಪುವವರೆಗೆ ಯಾವ ಹಳೆಯ ಗುಡಿಯ ಜೀರ್ಣೋದ್ಧಾರಕ್ಕೂ ಸರ್ಕಾರದ ಒಂದು ರೂಪಾಯಿಯೂ ಬಿಡುಗಡೆಯಾಗಬಾರದು. ಆ ದಾಖಲಾತಿಗೆ ನಮ್ಮ ಕನ್ನಡ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳನ್ನು ಕಳಿಸಲಿ. ಹಳಗನ್ನಡದ ಪತ್ರಿಕೆಯಲ್ಲಿ ಅಂಕ ಗಳಿಸಿದ ನಾವು ನಮ್ಮೂರ ಕಲ್ಲನ್ನು ಒಮ್ಮೆಯೂ ಓದದಿದ್ದರೆ, ಪೇಂಟು ಬಳಿದವರನ್ನು ಬೈಯುವ ಹಕ್ಕು ನಮಗೆಲ್ಲಿದೆ? “ಓದೋರು ಯಾರಿದ್ದಾರೆ?” ಎಂದ ಆ ಹಿರಿಯರಿಗೆ ಅಂದು ನನ್ನ ಬಳಿ ಉತ್ತರ ಇರಲಿಲ್ಲ. ಅವರ ಪ್ರಶ್ನೆ ನಮಗೇ ಕೇಳಿದ್ದು.