ಹಾಲಿಗೂ ಶಾಲೆಯ ಊಟಕ್ಕೂ ಕಾವಲುಗಾರರು ಯಾರು?

ಜನಗಳ ಆರೋಗ್ಯದ ವಿಚಾರದಲ್ಲಿ ಕಾನೂನು ಸಾಲದೆಂದು ದೂರುವವರು ಬಹು ಮಂದಿ. ಹಾಲು ಮತ್ತು ಶಾಲೆಯ ಊಟ ಇವೆರಡರ ಮಟ್ಟಿಗೆ ಈ ದೂರಿಗೆ ಆಧಾರವಿಲ್ಲ. 1954ರಲ್ಲಿ ಆಹಾರ ಕಲಬೆರಕೆಯ ತಡೆಗೆ ಶಾಸನವಾಯಿತು. ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಶಾಸನವು 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಕೊರತೆಯಿರುವುದು ಕಾನೂನಿನಲ್ಲಲ್ಲ, ಕಾನೂನಿನ ಕಣ್ಣು ಊರಿನಿಂದ ದೂರವಾದುದರಲ್ಲಿ.

ಹಳೆಯ ಶಾಸನದಲ್ಲಿ ಆಯಾ ಪ್ರದೇಶದ ಆರೋಗ್ಯಾಡಳಿತ ನೋಡುವ ಅಧಿಕಾರಿಗೆ ಹೆಸರು ಹಿಡಿದು ಹೊಣೆಯಿದ್ದಿತು. ಹೊಸದರಲ್ಲಿ ಅಧಿಕಾರವು ರಾಜ್ಯದ ಆಯುಕ್ತರಿಂದ ಜಿಲ್ಲೆಯ ಅಂಕಿತಾಧಿಕಾರಿಗೂ ಅವರಿಂದ ಆಹಾರ ಸುರಕ್ಷತಾಧಿಕಾರಿಗೂ ಇಳಿಯುತ್ತದೆ. ಮುನಿಸಿಪಾಲಿಟಿಯು ಪಕ್ಕಕ್ಕೆ ನಿಂತು ನೋಡುತ್ತದೆ. ಇದಕ್ಕೆ ಕಾರಣವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಊರ ಇನ್ಸ್‌ಪೆಕ್ಟರಿಗೂ ಊರ ವ್ಯಾಪಾರಿಗೂ ಇರುತ್ತಿದ್ದ ಸ್ನೇಹವನ್ನು ಬಲ್ಲವರೇ ಬಲ್ಲರು. ಆದರೆ ಪರರ ಆಳ್ವಿಕೆಯಲ್ಲಿ ಪುರಸಭೆಗೆ ಅಧಿಕಾರವಿಲ್ಲವೆಂದು ಕೂಗಾಡಿದ ನಾವೇ, ಸ್ವರಾಜ್ಯದಲ್ಲಿ ಪುರಸಭೆಯ ಹೊಣೆಯನ್ನು ಜಿಲ್ಲೆಯ ಕಚೇರಿಗೆ ಒಪ್ಪಿಸಿ ನೆಮ್ಮದಿಯಾಗಿದ್ದೇವೆ.

ಆ ಕಚೇರಿಯ ಕ್ರಮವನ್ನು ನೋಡಿರಿ. ಮಾದರಿಯನ್ನು ನಾಲ್ಕು ಭಾಗ ಮಾಡಿ ಮುದ್ರೆಯೊತ್ತಿ ಕಳುಹಿಸಬೇಕು. ವಿಶ್ಲೇಷಕರು 14 ದಿನಗಳೊಳಗಾಗಿ ವರದಿ ಕೊಡಬೇಕು. ಎಣ್ಣೆಗೂ ಬೇಳೆಗೂ ಇದು ಒಗ್ಗೀತು. ಬೆಳಗಿನ ಹಾಲು ಹದಿನಾಲ್ಕು ಗಂಟೆಗಳೂ ಕಾಯುವುದಿಲ್ಲ. ವರದಿಯು ತಪ್ಪಿತಸ್ಥನನ್ನು ದಂಡಿಸಲು ಬರುತ್ತದೆಯೇ ಹೊರತು ಕುಡಿದವರನ್ನು ಕಾಯಲು ಬರುವುದಿಲ್ಲ.

ಹಾಗೆಂದು ಪ್ರಯೋಗಶಾಲೆಯು ನಿರರ್ಥಕವಲ್ಲ. 2018ರಲ್ಲಿ ದೇಶದಾದ್ಯಂತ ತೆಗೆದ 6,432 ಹಾಲಿನ ಮಾದರಿಗಳಲ್ಲಿ ಪ್ರಾಣಕ್ಕೆ ಅಪಾಯವಾಗುವ ಕಲಬೆರಕೆಯು ಕೇವಲ 12ರಲ್ಲಿ ಕಂಡಿತು. ಆದರೆ ನೂರಕ್ಕೆ ಐದಕ್ಕೂ ಮಿಕ್ಕ ಮಾದರಿಗಳಲ್ಲಿ ಬೂಷ್ಟು ಹಿಡಿದ ಮೇವಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷವು ಮಿತಿಮೀರಿದ್ದಿತು. ಇದನ್ನು ಲ್ಯಾಕ್ಟೋಮೀಟರು ತೋರಿಸಲಾರದು. ಗೃಹಸ್ಥರು ನೀರು ಬೆರೆತಿದೆಯೇ ಎಂದು ಜಗಳವಾಡುವಾಗ ದೋಷವು ಕೊಟ್ಟಿಗೆಯಲ್ಲಿಯೇ ಹುಟ್ಟಿರುತ್ತದೆ.

ಶಾಲೆಯ ಹಾಲಿನ ಸಂಗತಿಯು ಇನ್ನೂ ವಿಚಿತ್ರ. 2013ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಶಾಲೆಗೆ ಬರುವುದು ಪುಡಿ; ಮಗುವೊಂದಕ್ಕೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರು ಹಾಲು ಮಾಡಬೇಕು. ಪುಡಿಯು ಡೈರಿಯಲ್ಲಿ ಪರೀಕ್ಷೆಯಾಗಿಯೇ ಬರುತ್ತದೆ. ಮಿಕ್ಕುದೆಲ್ಲ ಶಾಲೆಯ ನೀರು. ಮಾರುವವನು ಹಾಲಿಗೆ ನೀರು ಹಾಕಿದರೆ ಅಪರಾಧ. ಇಲ್ಲಿ ನೀರು ಹಾಕುವುದೇ ವಿಧಿ. ಆ ನೀರು ಯಾವ ತೊಟ್ಟಿಯದು, ತೊಟ್ಟಿಯನ್ನು ತೊಳೆದು ಎಷ್ಟು ತಿಂಗಳಾಯಿತು, ಪುಡಿ ಕಲಸುವ ಮುನ್ನ ಅದು ಕುದಿಯಿತೇ ಎಂದು ಕೇಳಲು ಜಿಲ್ಲೆಯ ಅಧಿಕಾರಿಯು ಪ್ರತಿದಿನವೂ ಬರಲಾರರು.

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲೆಯ ಊಟ ಮಾಡಿದ 23 ಮಕ್ಕಳು ಮಡಿದರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿದ್ದಿತು. ಎಣ್ಣೆಯ ವಾಸನೆ ಸರಿಯಿಲ್ಲವೆಂದು ಅಡಿಗೆಯಾಕೆಯೇ ಹೇಳಿದ್ದಳೆಂದು ಆಗ ವರದಿಯಾಯಿತು. ಅಂದು ಬೇಕಾಗಿದ್ದುದು ಪ್ರಯೋಗಶಾಲೆಯಲ್ಲ, ಆಕೆಯ ಮಾತಿಗೆ ಕಿವಿಗೊಡುವ ಒಬ್ಬ ಮನುಷ್ಯ. ಬಡಿಸುವ ಮುನ್ನ ಉಪಾಧ್ಯಾಯರೊಬ್ಬರು ಸೇರಿ ಇಬ್ಬರು ಮೂವರು ದೊಡ್ಡವರು ರುಚಿ ನೋಡಬೇಕೆಂಬ ಕಟ್ಟಳೆಯಿದೆ. ಎಷ್ಟು ಶಾಲೆಗಳಲ್ಲಿ ರುಚಿ ನೋಡುವುದು ನಾಲಿಗೆ, ಎಷ್ಟರಲ್ಲಿ ಲೇಖನಿ ಎಂಬುದನ್ನು ಓದುಗರ ಊಹೆಗೇ ಬಿಡುತ್ತೇವೆ.

ಇನ್ನೊಂದು ಸೂಕ್ಷ್ಮವಿದೆ. ತಾನು ಕೊಂಡ ಆಹಾರವನ್ನು ಶುಲ್ಕ ತೆತ್ತು ಪರೀಕ್ಷೆ ಮಾಡಿಸುವ ಹಕ್ಕನ್ನು ಶಾಸನದ 40ನೆಯ ಕಲಮು ಗ್ರಾಹಕನಿಗೆ ಕೊಟ್ಟಿದೆ. ಶಾಲೆಯಲ್ಲಿ ಉಣ್ಣುವ ಮಗುವು ಏನನ್ನೂ ಕೊಂಡಿಲ್ಲ. ಕೊಂಡವರು ಸರ್ಕಾರದವರು, ಬೇಯಿಸಿದವರು ಸರ್ಕಾರದ ಕೆಲಸದವರು, ಪರೀಕ್ಷಿಸಬೇಕಾದವರೂ ಸರ್ಕಾರದವರೇ. ತಂದೆತಾಯಿಗಳಿಗೆ ಉಳಿದಿರುವುದು ಶಾಲಾಭಿವೃದ್ಧಿ ಸಮಿತಿಯೊಂದೇ.

ಆದುದರಿಂದ ಶಾಸನವನ್ನು ತಿದ್ದದೆಯೇ ಆಗಬಹುದಾದುದನ್ನು ಕೇಳುತ್ತೇವೆ. ಪಟ್ಟಣದಲ್ಲಿ ಮುನಿಸಿಪಾಲಿಟಿಯ ಆರೋಗ್ಯ ನಿರೀಕ್ಷಕರೂ ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರೂ ತಿಂಗಳಿಗೊಮ್ಮೆ ಮುನ್ಸೂಚನೆಯಿಲ್ಲದೆ ಪ್ರತಿಯೊಂದು ಶಾಲೆಯ ಉಗ್ರಾಣ, ತೊಟ್ಟಿ, ಪಾತ್ರೆಗಳನ್ನು ನೋಡಿ ನೀರನ್ನು ಪರೀಕ್ಷಿಸಲಿ. ತೊಟ್ಟಿ ತೊಳೆದ ತಾರೀಖನ್ನು ಗೋಡೆಯ ಮೇಲೆ ಬರೆಯಿಸಲಿ. ರುಚಿ ನೋಡಿದವರ ಪುಸ್ತಕವು ಕೇಳಿದ ಪೋಷಕರಿಗೆಲ್ಲ ತೆರೆದಿರಲಿ. ಊರಿನ ಹಾಲಿನ ಮಾದರಿಗಳ ಫಲಿತಾಂಶವನ್ನು, ಮಾರಿದವರ ಹೆಸರಿನೊಡನೆ, ಪುರಸಭೆಯ ಫಲಕದಲ್ಲಿ ಹಚ್ಚಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಎತ್ತಲು ಯಾವ ಸದಸ್ಯರು ಸೂಚನೆ ಕೊಡುವರೆಂಬುದನ್ನು ಕಾದು ನೋಡುತ್ತೇವೆ.