ಮೂಕಪ್ರಾಣಿಗೂ ರಕ್ತಪರೀಕ್ಷೆ

ಸಾಕಿದ ನಾಯಿಯೋ ಬೆಕ್ಕೋ ಅನ್ನ ಬಿಟ್ಟು ಮಂಕಾದರೆ, ದಿಲ್‌ಸುಖ್‌ನಗರದ ನಮ್ಮ ಮನೆಗಳಲ್ಲಿ ಜ್ವರದ ಮಾತ್ರೆಯನ್ನು ಹಾಕಿಬಿಡುವುದುಂಟು. ಇದು ಸಲ್ಲದು, ಪ್ಯಾರಸಿಟಮಾಲ್ ಬೆಕ್ಕಿಗೆ ವಿಷವೇ ಸರಿ. ‘ನಾಯಿಗೇಕೆ ರಕ್ತಪರೀಕ್ಷೆ, ವೃಥಾ ಖರ್ಚು’ ಎಂಬ ಮಾತನ್ನೂ ನಾವು ಒಪ್ಪಲಾರೆವು. ನೋವೆಲ್ಲಿ ಎಂದು ಹೇಳಲು ಅದಕ್ಕೆ ಮಾತಿಲ್ಲ. ರಕ್ತದ ಹನಿಯೇ ವೈದ್ಯರಿಗೆ ಹೇಳಬೇಕು. 1897ರಲ್ಲಿ ರೊನಾಲ್ಡ್ ರಾಸ್ ಮಹಾಶಯರು ಸೊಳ್ಳೆಯೊಳಗೆ ಮಲೇರಿಯದ ಜೀವಿಯನ್ನು ಸೂಕ್ಷ್ಮದರ್ಶಕದಿಂದ ಕಂಡದ್ದು ನೆರೆಯ ಸಿಕಂದರಾಬಾದಿನಲ್ಲಿ. ಉಣ್ಣಿ ಕಚ್ಚಿ ನಾಯಿಗೆ ಬರುವ ಜ್ವರದ ಜೀವಿಗಳನ್ನೂ ಪಶುವೈದ್ಯರು ಅದೇ ಸಾಧನದಿಂದ ರಕ್ತದಲ್ಲಿ ಹುಡುಕುತ್ತಾರೆ. ಬೇಗ ತಿಳಿದರೆ ಔಷಧವುಂಟು. ತಡವಾದರೆ ರಕ್ತ ಕುಂದಿ ಪ್ರಾಣವೇ ಹೋದೀತು. ಹಣದ ಅಡಚಣೆಯಿದ್ದವರಿಗೆ ನಾರಾಯಣಗೂಡದಲ್ಲಿ ಸರಕಾರಿ ಪಶುವೈದ್ಯಶಾಲೆಯಿದೆ. ವಿದ್ಯಾರ್ಥಿಗಳೇ, ಎಂದಿನಿಂದ ತಿನ್ನಲಿಲ್ಲ, ಎಷ್ಟು ಸಲ ವಾಂತಿಯಾಯಿತು ಎಂಬುದನ್ನು ಬರೆದಿಟ್ಟುಕೊಂಡು ಹಿರಿಯರೊಡನೆ ಹೋಗಿರಿ. ಸಾಕಿದವರೇ ಅದರ ಪರವಾಗಿ ಮಾತನಾಡಬೇಕಷ್ಟೆ.